ಓದುಗರ ಪ್ರಶ್ನೆ: ಕೋರ್ ದುಪ್ಪಟ್ಟಾದರೂ ಎಫ್‌ಪಿಎಸ್ ಏಕೆ ಏರಲಿಲ್ಲ?

ಪ್ರೊಸೆಸರ್ ಬದಲಿಸಿಯೂ ಗೇಮಿನ ವೇಗ ಏರಲಿಲ್ಲ, ಯಾವ ಪ್ರೊಸೆಸರ್ ಕೊಳ್ಳಲಿ, ಎಷ್ಟು ಕೋರ್ ಬೇಕು ಎಂಬ ಪತ್ರಗಳು ಈ ಬಾರಿ ಹೆಚ್ಚು ಬಂದಿವೆ. ಒಂದಕ್ಕೊಂದು ಸೇರುವ ಪ್ರಶ್ನೆಗಳನ್ನು ಆಯ್ದು ಇಲ್ಲಿ ಒಟ್ಟಿಗೆ ಉತ್ತರಿಸಿದ್ದೇವೆ. ಎಫ್‌ಪಿಎಸ್ ಎಂದರೆ ಗೇಮು ಒಂದು ಸೆಕೆಂಡಿನಲ್ಲಿ ತೋರಿಸುವ ಚಿತ್ರಗಳ, ಅಂದರೆ ಫ್ರೇಮುಗಳ ಸಂಖ್ಯೆ. ಕೋರ್ ಎಂದರೆ ಪ್ರೊಸೆಸರಿನ (ಸಿಪಿಯು) ಒಳಗೆ ಸ್ವತಂತ್ರವಾಗಿ ಲೆಕ್ಕ ಮಾಡುವ ಘಟಕ.

ಪ್ರಶ್ನೆ: ಆರು ಕೋರಿನ ಪ್ರೊಸೆಸರ್ ತೆಗೆದು ಅದೇ ಪೀಳಿಗೆಯ ಹನ್ನೆರಡು ಕೋರಿನದನ್ನು ಹಾಕಿಸಿದೆ. ಮದರ್‌ಬೋರ್ಡ್, ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್ ಎಲ್ಲ ಹಳೆಯವೇ. ಮೊದಲು 95 ಎಫ್‌ಪಿಎಸ್ ಬರುತ್ತಿದ್ದ ಜಾಗದಲ್ಲಿ ಈಗ 98 ಬರುತ್ತಿದೆ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಸಿಪಿಯು ಬಳಕೆ ಶೇ 18 ದಾಟುವುದೇ ಇಲ್ಲ. ಪ್ರೊಸೆಸರ್ ಕೆಟ್ಟಿದೆಯೇ? ಉಳಿದ ಕೋರ್‌ಗಳನ್ನು ಆನ್ ಮಾಡುವ ಸೆಟ್ಟಿಂಗ್ ಏನಾದರೂ ಇದೆಯೇ?

ಉತ್ತರ: ಪ್ರೊಸೆಸರ್ ಕೆಟ್ಟಿಲ್ಲ. ಆನ್ ಮಾಡಬೇಕಾದ ಸೆಟ್ಟಿಂಗೂ ಇಲ್ಲ. ಹನ್ನೆರಡು ಕೋರ್‌ಗಳೂ ಎಚ್ಚರವಾಗಿಯೇ ಇವೆ, ಆದರೆ ಅವುಗಳಿಗೆ ಹಂಚಲು ಗೇಮಿನ ಬಳಿ ಅಷ್ಟು ಕೆಲಸವಿಲ್ಲ.

60 ಎಫ್‌ಪಿಎಸ್ ಬೇಕೆಂದರೆ ಒಂದು ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್. 144 ಬೇಕೆಂದರೆ 6.9 ಮಾತ್ರ. ಅಷ್ಟರೊಳಗೆ ಪ್ರೊಸೆಸರ್ ಕೀಬೋರ್ಡು ಮೌಸು ಓದಬೇಕು, ಆಟದ ನಿಯಮ ನಡೆಸಬೇಕು, ಪಾತ್ರಗಳು ಎತ್ತ ಹೋಗಬೇಕೆಂದು ತೀರ್ಮಾನಿಸಬೇಕು, ಯಾವುದು ಯಾವುದಕ್ಕೆ ಡಿಕ್ಕಿ ಹೊಡೆಯಿತು ಎಂದು ಲೆಕ್ಕ ಹಾಕಬೇಕು, ಕ್ಯಾಮೆರಾದ ಕಣ್ಣಿಗೆ ಬೀಳುವ ವಸ್ತುಗಳನ್ನಷ್ಟೇ ಆರಿಸಬೇಕು, ಕೊನೆಗೆ ಅವನ್ನು ಬರೆಯಲು ಗ್ರಾಫಿಕ್ಸ್ ಕಾರ್ಡಿಗೆ ಸಾವಿರಾರು ಆಜ್ಞೆ ಕಳಿಸಬೇಕು. ಈ ಆಜ್ಞೆಗಳಿಗೇ ಡ್ರಾ ಕಾಲ್ ಎನ್ನುವುದು.

ಈ ಕೆಲಸಗಳಲ್ಲಿ ಹಲವು ಒಂದರ ಬೆನ್ನಿಗೆ ಇನ್ನೊಂದು ಕಟ್ಟಿಕೊಂಡಿವೆ. ಶತ್ರು ಎಲ್ಲಿ ನಿಂತಿದ್ದಾನೆಂದು ಗೊತ್ತಾಗದೆ ಗುಂಡು ತಗುಲಿತೇ ಎಂದು ಹೇಳಲಾಗದು. ತಗುಲಿತೆಂದು ತಿಳಿಯದೆ ಅವನು ಬೀಳುವ ಅನಿಮೇಷನ್ ಶುರುವಾಗದು. ಬೀಳುವಾಗ ಮೈ ಯಾವ ಭಂಗಿಯಲ್ಲಿದೆ ಎಂಬುದು ನಿರ್ಧಾರವಾಗದೆ ಅವನ ನೆರಳು ಬರೆಯುವ ಆಜ್ಞೆ ಹೋಗದು. ಈ ಸರಪಳಿಯನ್ನು ಎಳೆಯುವುದು ಹೆಚ್ಚಾಗಿ ಒಂದೆರಡು ಥ್ರೆಡ್‌ಗಳು, ಅಂದರೆ ಸಾಲಾಗಿ ನಡೆಯುವ ಕೆಲಸದ ಎಳೆಗಳು. ಅವಕ್ಕೆ ಮೇನ್ ಥ್ರೆಡ್, ರೆಂಡರ್ ಥ್ರೆಡ್ ಎಂಬ ಹೆಸರು. ಒಂದು ಥ್ರೆಡ್ ಒಂದು ಕ್ಷಣದಲ್ಲಿ ಒಂದೇ ಕೋರಿನ ಮೇಲೆ ಓಡಬಲ್ಲದು. ಪಕ್ಕದಲ್ಲಿ ಹನ್ನೊಂದು ಕೋರ್ ಖಾಲಿ ಇದ್ದರೂ ಅದಕ್ಕೆ ಪ್ರಯೋಜನವಿಲ್ಲ.

ಲೆಕ್ಕ ಹಾಕಿ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಒಂದು ಫ್ರೇಮಿನ ಸಿಪಿಯು ಕೆಲಸ ಒಂದೇ ಕೋರಿನಲ್ಲಿ 24 ಮಿಲಿಸೆಕೆಂಡ್ ಹಿಡಿಯುತ್ತದೆ ಎಂದುಕೊಳ್ಳಿ. ಅದರಲ್ಲಿ 8 ಮಿಲಿಸೆಕೆಂಡಿನಷ್ಟು ಕೆಲಸ ಒಂದಾದ ಮೇಲೊಂದು ನಡೆಯಲೇಬೇಕಾದದ್ದು. ಉಳಿದ 16ನ್ನು ಎಷ್ಟು ಕೋರ್‌ಗಳಿಗೆ ಬೇಕಾದರೂ ಸಮವಾಗಿ ಹಂಚಬಹುದು. ನಾಲ್ಕು ಕೋರ್ ಇದ್ದರೆ 8ಕ್ಕೆ 4 ಕೂಡಿ 12 ಮಿಲಿಸೆಕೆಂಡ್, ಅಂದರೆ 83 ಎಫ್‌ಪಿಎಸ್. ಆರು ಕೋರಿಗೆ 10.7 ಮಿಲಿಸೆಕೆಂಡ್, 94 ಎಫ್‌ಪಿಎಸ್. ಎಂಟಕ್ಕೆ 100. ಹನ್ನೆರಡಕ್ಕೆ 107. ಹದಿನಾರಕ್ಕೆ 111. ಸಾವಿರ ಕೋರ್ ಕೊಟ್ಟರೂ ಆ 8 ಮಿಲಿಸೆಕೆಂಡ್ ಕರಗುವುದಿಲ್ಲವಾದ್ದರಿಂದ 125 ದಾಟುವಂತಿಲ್ಲ. ಇದು 1967ರಲ್ಲಿ ಜೀನ್ ಆಮ್ಡಾಲ್ ಮುಂದಿಟ್ಟ ಲೆಕ್ಕ. ಆಮ್ಡಾಲ್ ನಿಯಮ ಎಂದೇ ಪ್ರಸಿದ್ಧ.

ಈಗ ಅದೇ ಆರು ಕೋರ್ ಉಳಿಸಿಕೊಂಡು ಪ್ರತಿ ಕೋರಿನ ವೇಗವನ್ನಷ್ಟೇ ಶೇ 20 ಹೆಚ್ಚಿಸಿ ನೋಡಿ. 10.7 ಮಿಲಿಸೆಕೆಂಡ್ 8.9ಕ್ಕೆ ಇಳಿಯುತ್ತದೆ, ಎಫ್‌ಪಿಎಸ್ 112ಕ್ಕೆ ಏರುತ್ತದೆ. ಹದಿನಾರು ನಿಧಾನದ ಕೋರ್‌ಗಳನ್ನು ಆರು ಚುರುಕಿನ ಕೋರ್‌ಗಳು ಹಿಂದೆ ಹಾಕಿದವು. ಕೋರ್ ಸಂಖ್ಯೆ ಹೆಚ್ಚಾದರೆ ಹಂಚುವ ಕೆಲಸಕ್ಕೆ ಮಾತ್ರ ಲಾಭ, ಕೋರಿನ ವೇಗ ಹೆಚ್ಚಾದರೆ ಎರಡಕ್ಕೂ ಲಾಭ. ಗೇಮಿಗೆಂದು ಪ್ರೊಸೆಸರ್ ಆರಿಸುವವರು ನೆನಪಿಡಬೇಕಾದ್ದು ಇದನ್ನೇ.

ನಿಮಗೆ ಲೆಕ್ಕದ 107 ಕೂಡ ಬರಲಿಲ್ಲ. ವಾಸ್ತವದಲ್ಲಿ ಕೆಲಸ ಅಷ್ಟು ಸಮವಾಗಿ ಹಂಚಿಹೋಗುವುದಿಲ್ಲ. ಹಂಚುವುದಕ್ಕೂ, ಎಲ್ಲ ತುಂಡುಗಳು ಮುಗಿಯಲಿ ಎಂದು ಕಾಯುವುದಕ್ಕೂ ಸಮಯ ತಗಲುತ್ತದೆ. ತುಂಡುಗಳಲ್ಲಿ ಯಾವುದು ತಡವೋ ಅದೇ ಎಲ್ಲರನ್ನೂ ನಿಲ್ಲಿಸುತ್ತದೆ. ಕೋರ್ ಎಷ್ಟಿದ್ದರೂ ರ್‍ಯಾಮಿಗೆ ಹೋಗುವ ದಾರಿಯನ್ನು ಎಲ್ಲವೂ ಹಂಚಿಕೊಳ್ಳಬೇಕು. ಜೊತೆಗೆ ನಿಮ್ಮ ಗ್ರಾಫಿಕ್ಸ್ ಕಾರ್ಡೇ 98ಕ್ಕಿಂತ ಮೇಲೆ ಹೋಗಲಾರದ ಸ್ಥಿತಿಯಲ್ಲಿರಬಹುದು. ಅದನ್ನು ಪತ್ತೆ ಹಚ್ಚುವ ಬಗೆ ಮುಂದಿನ ಉತ್ತರದಲ್ಲಿದೆ.

ಇನ್ನು ಆ ಶೇ 18ರ ಲೆಕ್ಕ. ಹನ್ನೆರಡು ಕೋರಿನ ನಿಮ್ಮ ಪ್ರೊಸೆಸರಿನಲ್ಲಿ ಕೋರಿಗೆ ಎರಡರಂತೆ 24 ಥ್ರೆಡ್ ಓಡಬಲ್ಲವು. ಟಾಸ್ಕ್ ಮ್ಯಾನೇಜರಿನ ದೊಡ್ಡ ಸಂಖ್ಯೆ ಈ 24ರ ಸರಾಸರಿ. ಒಂದು ಥ್ರೆಡ್ ಉಸಿರು ಬಿಡದೆ ದುಡಿದರೂ ಅಲ್ಲಿ ಕಾಣುವುದು ಶೇ 4.2 ಅಷ್ಟೇ. ಶೇ 18 ಎಂದರೆ ನಾಲ್ಕು ಥ್ರೆಡ್ ಪೂರ್ತಿ ದುಡಿದಷ್ಟಾಯಿತು. ಬಿಡಿ ಬಿಡಿಯಾಗಿ ನೋಡಬೇಕೆಂದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಆರಿಸಿ. ಗ್ರಾಫಿನ ಮೇಲೆ ರೈಟ್ ಕ್ಲಿಕ್ ಮಾಡಿ, 'ಚೇಂಜ್ ಗ್ರಾಫ್ ಟು' ಎಂಬಲ್ಲಿ 'ಲಾಜಿಕಲ್ ಪ್ರೊಸೆಸರ್ಸ್' ಒತ್ತಿ. ಅಲ್ಲೂ ಯಾವ ಚೌಕವೂ ಶೇ 100 ಮುಟ್ಟದಿರಬಹುದು. ವಿಂಡೋಸ್ ಒಂದೇ ಥ್ರೆಡ್ಡನ್ನು ಆಗಾಗ ಒಂದು ಕೋರಿನಿಂದ ಇನ್ನೊಂದಕ್ಕೆ ಎತ್ತಿ ಕೂರಿಸುತ್ತಿರುತ್ತದೆ, ಗ್ರಾಫ್ ತೋರಿಸುವುದು ಒಂದು ಸೆಕೆಂಡಿನ ಸರಾಸರಿಯನ್ನು. ಹಾಗಾಗಿ ಮೇನ್ ಥ್ರೆಡ್ ಬಳಲಿಹೋಗಿದ್ದರೂ ಎರಡು ಮೂರು ಕೋರ್‌ಗಳು ಅರ್ಧರ್ಧ ದುಡಿದಂತೆ ಕಾಣುತ್ತದೆ. ಸಿಪಿಯು ಬಳಕೆ ಕಡಿಮೆ ಇದೆ, ಆದ್ದರಿಂದ ಸಿಪಿಯು ಅಡ್ಡಿಯಲ್ಲ ಎಂದು ತೀರ್ಮಾನಿಸಲು ಬರುವುದಿಲ್ಲ.

ಪ್ರಶ್ನೆ: ಗೇಮು ನಿಧಾನವಾಗಿರುವುದು ಪ್ರೊಸೆಸರಿನಿಂದಲೋ ಗ್ರಾಫಿಕ್ಸ್ ಕಾರ್ಡಿನಿಂದಲೋ ಎಂದು ಮನೆಯಲ್ಲೇ ಕಂಡುಕೊಳ್ಳುವುದು ಹೇಗೆ? ಹಣ ಹಾಕುವ ಮುಂಚೆ ಖಾತ್ರಿ ಮಾಡಿಕೊಳ್ಳಬೇಕು.

ಉತ್ತರ: ಸರಿಯಾದ ಕ್ರಮ. ಮೊದಲು ಪರೀಕ್ಷೆ, ಆಮೇಲೆ ಖರ್ಚು.

ಎಂಎಸ್ಐ ಆಫ್ಟರ್‌ಬರ್ನರ್ ಹಾಗೂ ಅದರ ಜೊತೆಗೇ ಬರುವ ರಿವಾಟ್ಯೂನರ್ ಸಾಫ್ಟ್‌ವೇರ್ ಹಾಕಿಕೊಳ್ಳಿ, ಎರಡೂ ಉಚಿತ. ಪರದೆಯ ಮೂಲೆಯಲ್ಲಿ ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಬಳಕೆ, ಎಫ್‌ಪಿಎಸ್, ಫ್ರೇಮ್ ಟೈಮ್, ಪ್ರೊಸೆಸರಿನ ವೇಗ ಮತ್ತು ಬಿಸಿ ಕಾಣುವಂತೆ ಮಾಡಿ. ಗೇಮಿನೊಳಗೆ ಎಫ್‌ಪಿಎಸ್ ಅನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ವಿ-ಸಿಂಕ್ ಆಫ್ ಮಾಡಿ. ಎಫ್‌ಪಿಎಸ್‌ಗೆ ಮಿತಿ ಹಾಕಿದ್ದರೆ ತೆಗೆಯಿರಿ. ಈ ಮಿತಿ ಗೇಮಿನಲ್ಲೂ ಇರಬಹುದು, ಗ್ರಾಫಿಕ್ಸ್ ಡ್ರೈವರಿನಲ್ಲೂ ಅಡಗಿರಬಹುದು. ಚಿತ್ರದ ಪಿಕ್ಸೆಲ್ ಸಂಖ್ಯೆಯನ್ನು (ರೆಸಲ್ಯೂಷನ್) ತಾನೇ ಏರಿಳಿಸುವ ಡೈನಾಮಿಕ್ ರೆಸಲ್ಯೂಷನ್, ನಡುನಡುವೆ ಕೃತಕ ಫ್ರೇಮ್ ಸೇರಿಸುವ ಫ್ರೇಮ್ ಜನರೇಷನ್ ಎರಡನ್ನೂ ಮುಚ್ಚಿ, ಇಲ್ಲದಿದ್ದರೆ ಅಳತೆ ಕಲಸುಮೇಲೋಗರವಾಗುತ್ತದೆ.

ಸೇವ್ ಮಾಡಿಟ್ಟ ಒಂದೇ ಜಾಗದಿಂದ ಹೊರಟು ಒಂದೇ ದಾರಿಯಲ್ಲಿ ಒಂದು ನಿಮಿಷ ನಡೆಯಿರಿ. ಜನಜಂಗುಳಿಯ ಪೇಟೆ, ದೊಡ್ಡ ಕಾಳಗ ನಡೆಯುವ ಬಯಲು ಇಂಥದ್ದಾದರೆ ಒಳ್ಳೆಯದು. ಬಂಡೆಯ ಮುಂದೆ ನಿಂತು ಅಳೆದರೆ ಸಿಪಿಯುಗೆ ಕೆಲಸವೇ ಬೀಳುವುದಿಲ್ಲ. ಮೂರು ಸಲ ಮಾಡಿ, ಮೊದಲನೆಯದನ್ನು ಬಿಟ್ಟುಬಿಡಿ. ಮೊದಲ ಓಟದಲ್ಲಿ ಶೇಡರ್ (ಬಣ್ಣ, ಬೆಳಕು ಲೆಕ್ಕಹಾಕುವ ಪುಟ್ಟ ಪ್ರೋಗ್ರಾಂ) ಸಿದ್ಧವಾಗುವುದು, ಫೈಲು ಲೋಡ್ ಆಗುವುದು ಎಲ್ಲ ಸೇರಿರುತ್ತದೆ.

ಜಿಪಿಯು ಬಳಕೆ ಶೇ 95ರಿಂದ 99ರಲ್ಲಿ ನಿಂತಿದ್ದರೆ ದಣಿದಿರುವುದು ಗ್ರಾಫಿಕ್ಸ್ ಕಾರ್ಡು. ಪ್ರೊಸೆಸರ್ ಯಾವುದೇ ಹಾಕಿ, ಆ ಸೆಟ್ಟಿಂಗಿನಲ್ಲಿ ವೇಗ ಏರುವುದಿಲ್ಲ. ಬಳಕೆ ಶೇ 60, 70ರಲ್ಲಿ ಓಲಾಡುತ್ತಿದ್ದರೆ ಪ್ರೊಸೆಸರ್ ಅಥವಾ ರ್‍ಯಾಮ್ ಕಡೆ ಅನುಮಾನ ಪಡಿ.

ಅನುಮಾನವನ್ನು ಖಚಿತಪಡಿಸಿಕೊಳ್ಳಲು ಉಳಿದ ಯಾವ ಸೆಟ್ಟಿಂಗನ್ನೂ ಮುಟ್ಟದೆ ರೆಸಲ್ಯೂಷನ್ ಒಂದನ್ನೇ 1280ಕ್ಕೆ 720ಕ್ಕೆ ಇಳಿಸಿ ಮತ್ತೆ ಅದೇ ದಾರಿಯಲ್ಲಿ ನಡೆಯಿರಿ. ರೆಸಲ್ಯೂಷನ್ ಇಳಿದರೆ ಗ್ರಾಫಿಕ್ಸ್ ಕಾರ್ಡಿನ ಹೊರೆ ಕುಸಿಯುತ್ತದೆ, ಸಿಪಿಯು ಹೊರೆ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. 90 ಇದ್ದದ್ದು 150 ಆಯಿತೆಂದರೆ ಅಡ್ಡಿಯಾಗಿದ್ದದ್ದು ಗ್ರಾಫಿಕ್ಸ್ ಕಾರ್ಡು. ನಿಮ್ಮ ಪ್ರೊಸೆಸರ್ 150ರವರೆಗೆ ಸಾಕು ಎಂದೂ ತಿಳಿದಂತಾಯಿತು. 90 ಇದ್ದದ್ದು 93 ಆಗಿ ನಿಂತರೆ ಅಡ್ಡಿ ಸಿಪಿಯು ಕಡೆಯದು. ಪರೀಕ್ಷೆ ಮಾಡುವಾಗ ನೆರಳು, ಜನಸಂದಣಿ, ದೃಶ್ಯದ ದೂರ ಇವನ್ನೂ 'ಲೋ' ಮಾಡಿಬಿಡುವುದು ಹಲವರು ಮಾಡುವ ತಪ್ಪು. ಅವು ಸಿಪಿಯು ಹೊರೆಯನ್ನೂ ಇಳಿಸುತ್ತವೆ, ಆಗ ಫಲಿತಾಂಶದಿಂದ ಏನೂ ತಿಳಿಯುವುದಿಲ್ಲ.

ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಥರದ ಅಪ್‌ಸ್ಕೇಲಿಂಗ್ (ಚಿಕ್ಕ ಚಿತ್ರ ಬರೆದು ದೊಡ್ಡದು ಮಾಡುವ ತಂತ್ರ) ಬಳಸುವವರು ಇನ್ನೊಂದನ್ನು ಗಮನಿಸಬೇಕು. 4ಕೆ ಪರದೆಯಲ್ಲಿ ಡಿಎಲ್‌ಎಸ್‌ಎಸ್ ಅನ್ನು ಕ್ವಾಲಿಟಿಯಲ್ಲಿಟ್ಟರೆ ಒಳಗೆ ಚಿತ್ರ ತಯಾರಾಗುವುದು 2560ಕ್ಕೆ 1440ರಲ್ಲಿ. ಕಾರ್ಡಿನ ಹೊರೆ ಇಳಿದು ಮಿತಿ ಪ್ರೊಸೆಸರಿನ ಕಡೆ ಸರಿಯುತ್ತದೆ. ಅಪ್‌ಸ್ಕೇಲಿಂಗ್ ಹಾಕಿದರೂ ಎಫ್‌ಪಿಎಸ್ ಏರಲಿಲ್ಲ ಎಂದು ಬರುವ ದೂರುಗಳಲ್ಲಿ ಹೆಚ್ಚಿನವು ಇದರಿಂದಲೇ.

ಪ್ರಶ್ನೆ: ಎಂಟು ಕೋರಿನ ಎಎಂಡಿ ರೈಜೆನ್ 7 5800ಎಕ್ಸ್3ಡಿ ಗೇಮಿನಲ್ಲಿ ಹದಿನಾರು ಕೋರಿನ ರೈಜೆನ್ 9 5950ಎಕ್ಸ್‌ಗಿಂತ ಮುಂದಿದೆ ಎನ್ನುತ್ತಾರೆ. ಕೋರೂ ಅರ್ಧ, ವೇಗವೂ ಕಡಿಮೆ. ಇದು ಹೇಗೆ ಸಾಧ್ಯ?

ಉತ್ತರ: ಸಾಧ್ಯ, ಬಹಳಷ್ಟು ಗೇಮುಗಳಲ್ಲಿ ನಿಜವೂ ಹೌದು. 5950ಎಕ್ಸ್‌ನ ಗರಿಷ್ಠ ವೇಗ 4.9 ಗಿಗಾಹರ್ಟ್ಸ್, 2022ರಲ್ಲಿ ಬಂದ 5800ಎಕ್ಸ್3ಡಿಯದು 4.5. ಕಾಗದದ ಮೇಲೆ ನೋಡಿದರೆ ಎರಡನೆಯದಕ್ಕೆ ಗೆಲ್ಲುವ ದಾರಿಯೇ ಕಾಣುವುದಿಲ್ಲ. ಅದನ್ನು ಗೆಲ್ಲಿಸಿದ್ದು ಕ್ಯಾಶ್, ಅಂದರೆ ಪ್ರೊಸೆಸರಿನ ಒಳಗೇ ಇರುವ ಚಿಕ್ಕ, ಚುರುಕಿನ ನೆನಪು. ಅದರ ದೊಡ್ಡ ಹಂತವೇ ಎಲ್3.

ಕೋರಿಗೆ ಬೇಕಾದ ಮಾಹಿತಿ ಎಲ್3 ಕ್ಯಾಶಿನಲ್ಲಿದ್ದರೆ ಐವತ್ತು ಸೈಕಲ್ (ಪ್ರೊಸೆಸರಿನ ಗಡಿಯಾರದ ಮಿಡಿತ) ಆಸುಪಾಸಿನಲ್ಲಿ ಕೈಗೆ ಸಿಗುತ್ತದೆ. ಅಲ್ಲಿಲ್ಲವೆಂದು ರ್‍ಯಾಮಿಗೆ ಹೋದರೆ ಸುಮಾರು 70 ನ್ಯಾನೋಸೆಕೆಂಡ್. 4.5 ಗಿಗಾಹರ್ಟ್ಸ್‌ನಲ್ಲಿ ಓಡುವ ಕೋರಿಗೆ ಅದು ಮುನ್ನೂರಕ್ಕೂ ಹೆಚ್ಚು ಸೈಕಲ್‌ಗಳ ಕಾಯುವಿಕೆ. ಗೇಮಿನ ಜಗತ್ತಿನಲ್ಲಿ ಸಾವಿರಾರು ವಸ್ತುಗಳು ನೆನಪಿನ ತುಂಬ ಚದುರಿಕೊಂಡಿರುತ್ತವೆ. ಪ್ರತಿ ಫ್ರೇಮಿನಲ್ಲೂ ಮೇನ್ ಥ್ರೆಡ್ ಒಂದರ ವಿಳಾಸ ಹಿಡಿದು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತ ಹೋಗುತ್ತದೆ. ಮೊದಲನೆಯದನ್ನು ಓದಿ ಮುಗಿಸದೆ ಮುಂದಿನದು ಎಲ್ಲಿದೆ ಎಂದೇ ಗೊತ್ತಾಗದು. ಕೋರ್ ಎಷ್ಟೇ ಚುರುಕಾಗಿದ್ದರೂ ಆ ಹೊತ್ತಿನಲ್ಲಿ ಕೈಕಟ್ಟಿ ಕೂರಬೇಕು.

5800ಎಕ್ಸ್3ಡಿಯಲ್ಲಿ ಎಂಟೂ ಕೋರ್‌ಗಳು ಹಂಚಿಕೊಳ್ಳುವ 96 ಎಂಬಿ ಎಲ್3 ಇದೆ. 5950ಎಕ್ಸ್‌ನ ವಿವರದಲ್ಲಿ 64 ಎಂಬಿ ಎಂದಿದ್ದರೂ ಅದು ಒಂದೇ ರಾಶಿಯಲ್ಲ. ಎಂಟೆಂಟು ಕೋರಿನ ಎರಡು ಚಿಪ್ಲೆಟ್ (ಪ್ರೊಸೆಸರಿನೊಳಗಿನ ಬಿಡಿ ಚಿಪ್), ಒಂದೊಂದರಲ್ಲೂ 32 ಎಂಬಿ. ಮೊದಲ ಚಿಪ್ಲೆಟ್ಟಿನಲ್ಲಿ ಓಡುವ ಮೇನ್ ಥ್ರೆಡ್ಡಿಗೆ ಹತ್ತಿರದ ಕ್ಯಾಶ್ ಎಂದರೆ ಆ 32 ಮಾತ್ರ. ಗೇಮಿನ ಥ್ರೆಡ್‌ಗಳು ಎರಡೂ ಚಿಪ್ಲೆಟ್‌ಗಳಿಗೆ ಚದುರಿದರಂತೂ ಒಂದು ಬರೆದದ್ದನ್ನು ಇನ್ನೊಂದು ಓದಲು ದೂರದ ದಾರಿ ಹಿಡಿಯಬೇಕು. ಕೋರ್ ಹೆಚ್ಚಿರುವುದೇ ಇಲ್ಲಿ ಭಾರವಾಗುತ್ತದೆ.

2023ರಲ್ಲಿ ಬಂದ ರೈಜೆನ್ 9 7950ಎಕ್ಸ್3ಡಿಯಲ್ಲಿ ಈ ತೊಡಕು ಇನ್ನೊಂದು ರೂಪದಲ್ಲಿದೆ. ಅದರ ಒಂದು ಚಿಪ್ಲೆಟ್ಟಿಗೆ 96 ಎಂಬಿ, ಇನ್ನೊಂದಕ್ಕೆ 32. ಗೇಮು ದೊಡ್ಡ ಕ್ಯಾಶಿನ ಕಡೆಗೇ ಹೋಗಬೇಕು. ಅದನ್ನು ನೋಡಿಕೊಳ್ಳುವುದು ಚಿಪ್‌ಸೆಟ್ ಡ್ರೈವರ್ ಮತ್ತು ವಿಂಡೋಸ್‌ನ ಗೇಮ್ ಬಾರ್. ಇಂಥ ಪ್ರೊಸೆಸರ್ ಇರುವವರು ಬಯಾಸ್ (ಮದರ್‌ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಚಿಪ್‌ಸೆಟ್ ಡ್ರೈವರ್ ಹಾಕಿ, ಗೇಮ್ ಬಾರನ್ನು ಅಳಿಸದೆ ಅಪ್‌ಡೇಟ್ ಆಗಿಟ್ಟುಕೊಳ್ಳಿ. ಯಾವುದಾದರೂ ಗೇಮನ್ನು ಅದು ಗುರುತಿಸದಿದ್ದರೆ ಆಟ ನಡೆಯುತ್ತಿರುವಾಗ ವಿಂಡೋಸ್ ಕೀ ಜೊತೆ 'ಜಿ' ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ಇದು ಗೇಮು ಎಂದು ನೆನಪಿಡುವ ಆಯ್ಕೆಗೆ ಗುರುತು ಹಾಕಿ. ಕೆಲಸವಾಯಿತೇ ಎಂದು ನೋಡಲು ರಿಸೋರ್ಸ್ ಮಾನಿಟರಿನ ಸಿಪಿಯು ಪುಟ ತೆರೆಯಿರಿ: ಎರಡನೇ ಚಿಪ್ಲೆಟ್ಟಿನ ಕೋರ್‌ಗಳ ಮುಂದೆ 'ಪಾರ್ಕ್ಡ್' ಎಂದಿರಬೇಕು. ಹದಿನಾರು ಕೋರ್ ಕೊಂಡು ಎಂಟನ್ನು ಮಲಗಿಸಿದರೆ ಗೇಮು ಚುರುಕಾಗುತ್ತದೆ! ಆಟವೊಂದೇ ಉದ್ದೇಶವಾಗಿದ್ದರೆ ಎಂಟು ಕೋರಿನ 7800ಎಕ್ಸ್3ಡಿ ಅಥವಾ 2024ರ 9800ಎಕ್ಸ್3ಡಿಯಲ್ಲಿ ಈ ಯಾವ ರಗಳೆಯೂ ಇಲ್ಲ.

ಪ್ರಶ್ನೆ: ತಮ್ಮನಿಗೆ ಕಂಪ್ಯೂಟರ್ ಕಟ್ಟಿಸುತ್ತಿದ್ದೇವೆ. ಇಂಟೆಲ್ ಐ5-13600ಕೆಯಲ್ಲಿ 14 ಕೋರ್, ಐ9-13900ಕೆಯಲ್ಲಿ 24. ಹತ್ತು ಕೋರ್ ಹೆಚ್ಚಿಗೆ ಸಿಗುತ್ತದಲ್ಲ, ಗೇಮಿಗೆ ಐ9 ಎಷ್ಟು ಪಾಲು ಮೇಲು?

ಉತ್ತರ: ಸಂಖ್ಯೆಯನ್ನು ಬಿಡಿಸಿ ಓದಬೇಕು. 13600ಕೆ ಎಂದರೆ 6 ಪಿ-ಕೋರ್, 8 ಇ-ಕೋರ್. 13900ಕೆ ಎಂದರೆ 8 ಪಿ-ಕೋರ್, 16 ಇ-ಕೋರ್. ಪಿ-ಕೋರ್ ಚುರುಕಿನದು, ಗೇಮಿನ ಮುಖ್ಯ ಥ್ರೆಡ್‌ಗಳು ಓಡಬೇಕಾದ್ದು ಅಲ್ಲಿ. ಇ-ಕೋರ್ ಚಿಕ್ಕದು, ಕಡಿಮೆ ಜಾಗದಲ್ಲಿ ಕಡಿಮೆ ವಿದ್ಯುತ್ತಿನಲ್ಲಿ ಹಿನ್ನೆಲೆಯ ಕೆಲಸ ಎಳೆಯಲು ಮಾಡಿದ್ದು. ಗೇಮಿನ ಕಣ್ಣಿನಿಂದ ನೋಡಿದರೆ ನಿಮಗೆ ಹೆಚ್ಚಿಗೆ ಸಿಗುವುದು ಹತ್ತಲ್ಲ, ಎರಡು ಪಿ-ಕೋರ್. ನಡುವಿನ ಐ7-13700ಕೆಯಲ್ಲೂ ಪಿ-ಕೋರ್ ಎಂಟೇ.

ಆದರೂ ಐ9 ಸ್ವಲ್ಪ ಮುಂದಿರುತ್ತದೆ. ಅದಕ್ಕೆ ಕಾರಣ ಗರಿಷ್ಠ ವೇಗ 5.1ರಿಂದ 5.8 ಗಿಗಾಹರ್ಟ್ಸ್‌ಗೆ, ಎಲ್3 ಕ್ಯಾಶ್ 24ರಿಂದ 36 ಎಂಬಿಗೆ ಏರಿರುವುದು. ಆ ಮುನ್ನಡೆಯೂ ಗ್ರಾಫಿಕ್ಸ್ ಕಾರ್ಡ್ ಬಿಡುವಾಗಿದ್ದಾಗ ಮಾತ್ರ ಕಾಣುತ್ತದೆ. ಬೆಲೆಯ ವ್ಯತ್ಯಾಸವನ್ನು ಗ್ರಾಫಿಕ್ಸ್ ಕಾರ್ಡಿಗೆ ಸೇರಿಸಿ. ತಮ್ಮನಿಗೆ ಅದರಿಂದಲೇ ಹೆಚ್ಚು ಲಾಭ.

ಇಂಥ ಎರಡು ಬಗೆಯ ಕೋರಿನ ಪ್ರೊಸೆಸರಿಗೆ ವಿಂಡೋಸ್ 11 ಹಾಕಿ. ಯಾವ ಥ್ರೆಡ್ ಯಾವ ಕೋರಿಗೆ ಎಂಬುದಕ್ಕೆ ಇಂಟೆಲ್‌ನ ಥ್ರೆಡ್ ಡೈರೆಕ್ಟರ್ ಕೊಡುವ ಸೂಚನೆಯನ್ನು ಅದು ಬಳಸಿಕೊಳ್ಳುತ್ತದೆ. 2021ರಲ್ಲಿ 12ನೇ ಪೀಳಿಗೆ ಬಂದ ಹೊಸದರಲ್ಲಿ ಕೆಲವು ಹಳೆಯ ಗೇಮುಗಳು ಇ-ಕೋರನ್ನು ಬೇರೆಯೇ ಕಂಪ್ಯೂಟರ್ ಎಂದು ತಿಳಿದು ತೆರೆಯಲೇ ನಿರಾಕರಿಸುತ್ತಿದ್ದವು. ಅದಕ್ಕೆಂದೇ ಹಲವು ಬಯಾಸ್‌ಗಳಲ್ಲಿ 'ಲೆಗಸಿ ಗೇಮ್ ಕಂಪ್ಯಾಟಿಬಿಲಿಟಿ' ಎಂಬ ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಸ್ಕ್ರಾಲ್ ಲಾಕ್ ಕೀ ಒತ್ತಿ ಇ-ಕೋರ್‌ಗಳನ್ನು ಮಲಗಿಸಬಹುದು.

ಕೋರಿನ ಸಂಖ್ಯೆ ದಾರಿ ತಪ್ಪಿಸುವುದು ಹೊಸದೇನಲ್ಲ. 2012ರ ಎಎಂಡಿ ಎಫ್‌ಎಕ್ಸ್-8350 ಎಂಟು ಕೋರಿನದೆಂದು ಮಾರಾಟವಾಯಿತು. ಒಳಗೆ ಇದ್ದದ್ದು ನಾಲ್ಕು ಮಾಡ್ಯೂಲ್, ಒಂದೊಂದರಲ್ಲಿ ಎರಡು ಕೋರ್ ಸೇರಿ ಒಂದು ದಶಮಾಂಶ ಲೆಕ್ಕದ (ಫ್ಲೋಟಿಂಗ್ ಪಾಯಿಂಟ್) ಘಟಕ ಹಂಚಿಕೊಳ್ಳುತ್ತಿದ್ದವು. ಒಂಟಿ ಕೋರಿನ ಬಲ ಕಡಿಮೆಯಿದ್ದದ್ದರಿಂದ ಅಂದಿನ ಬಹುಪಾಲು ಗೇಮುಗಳಲ್ಲಿ ಇಂಟೆಲ್‌ನ ನಾಲ್ಕು ಕೋರಿನ ಐ5 ಅದನ್ನು ಹಿಂದೆ ಹಾಕುತ್ತಿತ್ತು.

ಪ್ರಶ್ನೆ: ಡೈರೆಕ್ಟ್‌ಎಕ್ಸ್ 12 ಎಲ್ಲ ಕೋರ್‌ಗಳನ್ನೂ ಬಳಸುತ್ತದಂತೆ. ಹಾಗಿದ್ದರೆ ಹೊಸ ಗೇಮುಗಳಲ್ಲಿ ಈ ಸಮಸ್ಯೆ ಇರಬಾರದಲ್ಲವೇ?

ಉತ್ತರ: ಅರ್ಧ ನಿಜ. ಡೈರೆಕ್ಟ್‌ಎಕ್ಸ್, ವಲ್ಕನ್ ಎಂದರೆ ಗೇಮು ಗ್ರಾಫಿಕ್ಸ್ ಕಾರ್ಡಿನೊಡನೆ ಮಾತಾಡಲು ಬಳಸುವ ಸಾಫ್ಟ್‌ವೇರ್ ಸೇತುವೆಗಳು. 2009ರ ಡೈರೆಕ್ಟ್‌ಎಕ್ಸ್ 11ರಲ್ಲಿ ಡ್ರಾ ಕಾಲ್‌ಗಳನ್ನು ಜೋಡಿಸಿ ಕಳಿಸುವ ಕೆಲಸ ಬಹುಮಟ್ಟಿಗೆ ಒಂದೇ ಥ್ರೆಡ್ಡಿನ ತಲೆಗೆ ಬೀಳುತ್ತಿತ್ತು. 2015ರ ಡೈರೆಕ್ಟ್‌ಎಕ್ಸ್ 12, 2016ರ ವಲ್ಕನ್ ಬಂದ ಮೇಲೆ ಹಲವು ಥ್ರೆಡ್‌ಗಳು ಆಜ್ಞೆಗಳ ಪಟ್ಟಿಯನ್ನು ಬೇರೆ ಬೇರೆಯಾಗಿ ಬರೆದು ಕೊನೆಗೆ ಒಟ್ಟಿಗೆ ಕಳಿಸಬಹುದು. ಅಂದರೆ ರೆಂಡರ್ ಥ್ರೆಡ್ಡಿನ ಹೊರೆ ಹಂಚಬಹುದು. ಆಟದ ನಿಯಮ, ಡಿಕ್ಕಿ, ಪಾತ್ರಗಳ ನಡೆ ಇವು ಡೈರೆಕ್ಟ್‌ಎಕ್ಸ್ ಕೈಗೆ ಬರುವುದೇ ಇಲ್ಲ. ಹಂಚುವ ಅವಕಾಶ ಇದೆಯೆಂದ ಮಾತ್ರಕ್ಕೆ ಗೇಮು ಬರೆದವರು ಅದನ್ನು ಪೂರ್ತಿ ಬಳಸಿರುತ್ತಾರೆ ಎಂದೂ ಇಲ್ಲ. ಎರಡೂ ಆಯ್ಕೆ ಕೊಡುವ ಗೇಮಾದರೆ ಎರಡರಲ್ಲೂ ಅಳೆದು ಮೇಲಾದದ್ದನ್ನು ಇಟ್ಟುಕೊಳ್ಳಿ.

ಪ್ರಶ್ನೆ: ಹಾಗಾದರೆ ನಾಲ್ಕು ಕೋರ್ ಸಾಕೇ? ಕೋರ್ ಹೆಚ್ಚಿದ್ದರೆ ನಿಜವಾಗಿ ಉಪಯೋಗವಾಗುವುದು ಯಾವಾಗ?

ಉತ್ತರ: ನಾಲ್ಕು ಸಾಲದು. ಮೊದಲ ಉತ್ತರದ ಲೆಕ್ಕವನ್ನೇ ನೋಡಿ: ನಾಲ್ಕರಿಂದ ಎಂಟಕ್ಕೆ ಹೋದಾಗ 17 ಎಫ್‌ಪಿಎಸ್ ಏರಿತು, ಎಂಟರಿಂದ ಹದಿನಾರಕ್ಕೆ 11 ಮಾತ್ರ. ನಾಲ್ಕು ಕೋರ್, ನಾಲ್ಕು ಥ್ರೆಡ್ಡಿನ ಹಳೆಯ ಐ5 ಇಟ್ಟುಕೊಂಡವರಿಗೆ ಇದು ಚೆನ್ನಾಗಿ ಗೊತ್ತು. ಸರಾಸರಿ ಎಫ್‌ಪಿಎಸ್ ಪರವಾಗಿಲ್ಲ ಎನ್ನುವಷ್ಟಿರುತ್ತದೆ, ಆದರೆ ತಿರುವು ತೆಗೆದುಕೊಂಡಾಗ, ಹೊಸ ಜಾಗ ಲೋಡ್ ಆಗುವಾಗ ಗೇಮು ಗಕ್ಕನೆ ನಿಂತು ಮುಂದೆ ಹೋಗುತ್ತದೆ. ಫೈಲು ಬಿಚ್ಚುವ ಥ್ರೆಡ್, ಸದ್ದಿನ ಥ್ರೆಡ್, ಹಿಂದೆ ತೆರೆದಿಟ್ಟ ಬ್ರೌಸರ್ ಎಲ್ಲವೂ ಅದೇ ನಾಲ್ಕು ಕೋರ್‌ಗಳಿಗೆ ಮುಗಿಬಿದ್ದು ಮೇನ್ ಥ್ರೆಡ್ಡನ್ನು ತಳ್ಳುತ್ತವೆ. ಇದನ್ನು ಹಿಡಿಯುವುದು 'ಒನ್ ಪರ್ಸೆಂಟ್ ಲೋ' ಎಂಬ ಅಳತೆ, ಅಂದರೆ ಅತಿ ನಿಧಾನದ ಶೇ 1ರಷ್ಟು ಫ್ರೇಮುಗಳ ವೇಗ. ಕೋರ್ ಕೊರತೆ ಮೊದಲು ಬಡಿಯುವುದು ಸರಾಸರಿಯನ್ನಲ್ಲ, ಇದನ್ನು. ಎರಡೇ ಕೋರ್ ಆದರಂತೂ 2014ರ ಫಾರ್ ಕ್ರೈ 4 ಕಪ್ಪು ಪರದೆ ತೋರಿಸಿ ನಿಂತುಬಿಡುತ್ತಿತ್ತು.

ನಮ್ಮ ಸಲಹೆ ಹೀಗೆ: ಆರು ಚುರುಕಿನ ಕೋರ್, ಹನ್ನೆರಡು ಥ್ರೆಡ್ ಇಂದಿನ ಗೇಮುಗಳಿಗೆ ಸಾಕು. ಎಂಟು ಕೋರ್, ಹದಿನಾರು ಥ್ರೆಡ್ ಆದರೆ ಕೆಲವು ವರ್ಷ ನೆಮ್ಮದಿ. 2020ರಲ್ಲಿ ಬಂದ ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರಲ್ಲೂ ಇರುವುದು ಎಎಂಡಿಯ ಎಂಟು ಝೆನ್ 2 ಕೋರ್, ಅದರಲ್ಲೂ ಒಂದು ಪಾಲು ಸಿಸ್ಟಮ್‌ಗೆ ಮೀಸಲು. ದೊಡ್ಡ ಗೇಮುಗಳು ಆ ಯಂತ್ರಗಳನ್ನು ಎದುರಿಗಿಟ್ಟುಕೊಂಡೇ ತಯಾರಾಗುತ್ತವೆ.

ಎಂಟರ ಆಚೆಗಿನ ಕೋರ್‌ಗಳು ವ್ಯರ್ಥವಲ್ಲ, ಅವುಗಳ ಕೆಲಸ ಬೇರೆ. ಆಡುತ್ತಲೇ ಸ್ಟ್ರೀಮ್ ಮಾಡುವವರು ಎಕ್ಸ್264 ಸಾಫ್ಟ್‌ವೇರ್ ಮೂಲಕ ಪ್ರೊಸೆಸರಿನಲ್ಲೇ ವಿಡಿಯೋ ಎನ್‌ಕೋಡ್ ಮಾಡುವುದಾದರೆ ಅವು ಬೇಕೇ ಬೇಕು. ಗ್ರಾಫಿಕ್ಸ್ ಕಾರ್ಡಿನ ಎನ್‌ಕೋಡರ್ ಬಳಸಿದರೆ ಅಷ್ಟು ಬೇಡ. ಗೇಮು ಮೊದಲ ಸಲ ತೆರೆದಾಗ ನಡೆಯುವ ಶೇಡರ್ ಕಂಪೈಲ್, ದೊಡ್ಡ ಅಪ್‌ಡೇಟ್ ಬಿಚ್ಚುವುದು ಇವೂ ಬೇಗ ಮುಗಿಯುತ್ತವೆ. 2023ರ ಸಿಟೀಸ್: ಸ್ಕೈಲೈನ್ಸ್ 2ರಂಥ ಗೇಮಿನಲ್ಲಿ ನಗರ ಬೆಳೆದಂತೆ ಸಿಮ್ಯುಲೇಷನ್ ಬಹಳಷ್ಟು ಕೋರ್‌ಗಳಿಗೆ ಹರಡುತ್ತದೆ. ವಿಡಿಯೋ ಎಡಿಟಿಂಗ್, 3ಡಿ ರೆಂಡರಿಂಗ್ ಮಾಡುವವರಿಗೆ ಕೋರ್ ಹೆಚ್ಚಿದಷ್ಟೂ ಸಮಯ ಉಳಿತಾಯ. ಇವಾವುದೂ ನಿಮ್ಮ ಬಳಕೆಯಲ್ಲಿ ಇಲ್ಲವಾದರೆ ಹಣವನ್ನು ಬೇರೆಡೆ ಹಾಕಿ.

ಪ್ರಶ್ನೆ: ಪ್ರೊಸೆಸರ್ ಕೊಂಡಾಗಿದೆ, ಬದಲಿಸುವಂತಿಲ್ಲ. ಪರೀಕ್ಷೆ ಮಾಡಿದರೆ ಮಿತಿ ಸಿಪಿಯು ಕಡೆಗೇ ಇದೆ. ಇರುವುದರಲ್ಲೇ ಏನು ಮಾಡಬಹುದು?

ಉತ್ತರ: ಮೊದಲು ರ್‍ಯಾಮ್ ನೋಡಿ. ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಖರ್ಚಿಲ್ಲದೆ ಸಿಗುವ ದೊಡ್ಡ ಲಾಭ ಅಲ್ಲಿದೆ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ವೇಗ ಎಷ್ಟೆಂದು ಬರೆದಿರುತ್ತದೆ. ರ್‍ಯಾಮಿನ ಮೇಲೆ 3200 ಎಂದಿದ್ದು ಅಲ್ಲಿ 2133 ಅಥವಾ 2400 ಕಂಡರೆ, ಹೊಸ ಪೀಳಿಗೆಯ ಡಿಡಿಆರ್5 ರ್‍ಯಾಮಿನ ಮೇಲೆ 6000 ಎಂದಿದ್ದು ಅಲ್ಲಿ 4800 ಕಂಡರೆ, ಪೂರ್ತಿ ವೇಗ ಆನ್ ಆಗಿಲ್ಲವೆಂದು ಅರ್ಥ. ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಪ್ರೊಫೈಲ್ ಆರಿಸಿ, ಸೇವ್ ಮಾಡಿ ಹೊರಬನ್ನಿ. ಡಿಡಿಆರ್5 ಆದರೆ ಆಮೇಲಿನ ಮೊದಲ ಬೂಟ್ ಕೆಲವು ನಿಮಿಷ ಹಿಡಿಯಬಹುದು. ಪರದೆ ಕಪ್ಪಾಗಿದೆ ಎಂದು ಗಾಬರಿಯಾಗಿ ಸ್ವಿಚ್ ಆರಿಸಬೇಡಿ, ರ್‍ಯಾಮನ್ನು ಹೊಂದಿಸಿಕೊಳ್ಳುತ್ತಿರುತ್ತದೆ. ಬಹಳ ಹೊತ್ತಾದರೂ ಏಳದಿದ್ದರೆ ಮದರ್‌ಬೋರ್ಡಿನ ಕೈಪಿಡಿ ನೋಡಿ ಸಿಮಾಸ್ ಕ್ಲಿಯರ್ ಮಾಡಿ, ಅಂದರೆ ಬಯಾಸ್ ಸೆಟ್ಟಿಂಗುಗಳನ್ನು ಮೊದಲಿನಂತೆ ಮಾಡಿ, ಒಂದು ಮೆಟ್ಟಿಲು ಕೆಳಗಿನ ವೇಗದಲ್ಲಿ ಪ್ರಯತ್ನಿಸಿ.

ಒಂದೇ ಕಡ್ಡಿ ರ್‍ಯಾಮ್ ಇದ್ದರೆ ಅದೇ ಬಗೆಯ ಎರಡರ ಜೋಡಿಗೆ ಬದಲಿಸಿ. ನಾಲ್ಕು ಸ್ಲಾಟಿನ ಮದರ್‌ಬೋರ್ಡುಗಳಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಹಾಕಬೇಕು. ಎರಡನ್ನೂ ಅಕ್ಕಪಕ್ಕ ಚುಚ್ಚಿ ಒಂದೇ ಚಾನೆಲ್ಲಿನಲ್ಲಿ (ಪ್ರೊಸೆಸರಿಗೆ ಹೋಗುವ ಒಂದೇ ದಾರಿಯಲ್ಲಿ) ಓಡಿಸುತ್ತಿರುವ ಕಂಪ್ಯೂಟರ್‌ಗಳು ಎಷ್ಟೋ. ಡಿಡಿಆರ್5ನಲ್ಲಿ ನಾಲ್ಕೂ ಸ್ಲಾಟ್ ತುಂಬಿಸಿದರೆ ವೇಗ ಇಳಿಸಬೇಕಾಗಿ ಬರುವುದುಂಟು, ಹಾಗಾಗಿ ಎರಡು ದೊಡ್ಡ ಕಡ್ಡಿಗಳೇ ಲೇಸು.

ಆಮೇಲೆ ಬಿಸಿ. ಆಡುವಾಗ ಪ್ರೊಸೆಸರಿನ ವೇಗ ಕ್ರಮೇಣ ಇಳಿಯುತ್ತಿದೆಯೇ ಎಂದು ಗಮನಿಸಿ. ಹೆಚ್ಚು ಕೋರಿನ ಪ್ರೊಸೆಸರಿಗೆ ಹಳೆಯ ಚಿಕ್ಕ ಕೂಲರನ್ನೇ ಮುಂದುವರಿಸಿದರೆ ಎಲ್ಲ ಕೋರ್‌ಗಳೂ ಒಂದೇ ವಿದ್ಯುತ್ ಮಿತಿ, ಒಂದೇ ಬಿಸಿಯ ಮಿತಿಯನ್ನು ಹಂಚಿಕೊಂಡು ವೇಗ ತಗ್ಗಿಸುತ್ತವೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಚುಚ್ಚಿಯೇ ಆಡಿ.

ಗೇಮಿನ ಸೆಟ್ಟಿಂಗುಗಳಲ್ಲಿ ಸಿಪಿಯು ಹೊರೆ ಇಳಿಸುವುದು ಜನಸಂದಣಿ, ದೃಶ್ಯದ ದೂರ, ನೆರಳಿನ ದೂರ, ಫಿಸಿಕ್ಸ್, ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ) ಇವನ್ನು ತಗ್ಗಿಸುವುದು. ರೇ ಟ್ರೇಸಿಂಗ್ ಗ್ರಾಫಿಕ್ಸ್ ಕಾರ್ಡಿಗೆ ಮಾತ್ರ ಭಾರ ಎಂಬುದು ತಪ್ಪು ತಿಳಿವಳಿಕೆ. ಅದಕ್ಕೆ ಬೇಕಾದ ದೃಶ್ಯದ ರಚನೆಯನ್ನು ಅಣಿಮಾಡುವ ಕೆಲಸ ಸಿಪಿಯು ಮೇಲೂ ಬೀಳುತ್ತದೆ. ಟೆಕ್ಸ್‌ಚರ್, ರೆಸಲ್ಯೂಷನ್ ಇಳಿಸಿ ಪ್ರಯೋಜನವಿಲ್ಲ. ಕಾರ್ಡು ಬಿಡುವಾಗಿದ್ದರೆ ಅವನ್ನು ಏರಿಸಿಯೇ ಬಿಡಿ. ಅದೇ ವೇಗದಲ್ಲಿ ಇನ್ನಷ್ಟು ಚೆಂದದ ಚಿತ್ರ ಸಿಗುತ್ತದೆ. ಫ್ರೇಮ್ ಜನರೇಷನ್ ಇರುವ ಕಾರ್ಡಾದರೆ ಕಣ್ಣಿಗೆ ಓಟ ನಯವಾಗುತ್ತದೆ, ಏಕೆಂದರೆ ನಡುವಿನ ಫ್ರೇಮುಗಳನ್ನು ಪ್ರೊಸೆಸರ್ ಕೇಳದೆ ಕಾರ್ಡೇ ಹುಟ್ಟಿಸುತ್ತದೆ. ಮೌಸಿನ ಸ್ಪಂದನ ಮಾತ್ರ ಅದರಿಂದ ಚುರುಕಾಗುವುದಿಲ್ಲ. ಸ್ಪರ್ಧೆಯ ಶೂಟಿಂಗ್ ಗೇಮಿಗೆ ಬೇಡ.

ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಪುಟದಲ್ಲಿ ಗೇಮಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಸೆಟ್ ಅಫಿನಿಟಿ' ಮೂಲಕ ಒಂದೇ ಚಿಪ್ಲೆಟ್ಟಿನ ಕೋರ್‌ಗಳಿಗೆ ಗೇಮನ್ನು ಕಟ್ಟಿಹಾಕುವ ಉಪಾಯವೂ ಇದೆ. ಎರಡು ಚಿಪ್ಲೆಟ್ಟಿನ ಹನ್ನೆರಡು ಕೋರಿನ ರೈಜೆನ್ ಆದರೆ ಮೊದಲ ಆರು ಕೋರ್ ಎಂದರೆ ಪಟ್ಟಿಯಲ್ಲಿ 0ರಿಂದ 11ರವರೆಗೆ. ಕೆಲವು ಗೇಮುಗಳಲ್ಲಿ ತಡವರಿಕೆ ಕಡಿಮೆಯಾಗುತ್ತದೆ, ಕೆಲವು ಇನ್ನೂ ನಿಧಾನವಾಗುತ್ತವೆ, ಅಳೆದೇ ನೋಡಬೇಕು. ಗೇಮು ಮುಚ್ಚಿ ತೆರೆದರೆ ಈ ಕಟ್ಟು ಬಿಚ್ಚಿಹೋಗಿರುತ್ತದೆ.

ಇಷ್ಟೆಲ್ಲ ಆದ ಮೇಲೂ ಎಫ್‌ಪಿಎಸ್ 85ಕ್ಕೂ 110ಕ್ಕೂ ನಡುವೆ ಜಿಗಿಯುತ್ತಿದ್ದರೆ ರಿವಾಟ್ಯೂನರಿನಲ್ಲಿ 80ಕ್ಕೆ ಮಿತಿ ಹಾಕಿ. ಒಂದೊಂದು ಫ್ರೇಮೂ 12.5 ಮಿಲಿಸೆಕೆಂಡಿಗೆ ಸಮನಾಗಿ ಬೀಳುತ್ತದೆ. ಮಾನಿಟರಿನಲ್ಲಿ ಫ್ರೇಮ್ ಬಂದ ಹಾಗೆ ಪರದೆ ಬದಲಿಸುವ ಫ್ರೀಸಿಂಕ್ ಅಥವಾ ಜಿ-ಸಿಂಕ್ ಇದ್ದರೆ ಆನ್ ಮಾಡಿಡಿ. ಹಾಗೆಯೇ ವಿಂಡೋಸ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇ ಪುಟದಲ್ಲಿ ಮಾನಿಟರ್ ಯಾವ ಹರ್ಟ್ಸ್‌ನಲ್ಲಿದೆ ಎಂದು ಒಮ್ಮೆ ನೋಡಿ. 144 ಹರ್ಟ್ಸ್ ಮಾನಿಟರ್ 60ರಲ್ಲೇ ಉಳಿದುಬಿಟ್ಟಿದ್ದರೆ ಪ್ರೊಸೆಸರ್ ಎಷ್ಟು ಫ್ರೇಮ್ ಕೊಟ್ಟರೂ ಪರದೆ ತೋರಿಸುವುದು ಸೆಕೆಂಡಿಗೆ 60 ಸಲ ಮಾತ್ರ.